ವಿರೋಧಿ ಹಿಂಸೆಯ ಮಿತಿ

2025ರ ಏಪ್ರಿಲ್ 10ರಂದು ನಾಡಿನ ಬಸದಿಗಳಲ್ಲಿ ಭಗವಾನ್ ಮಹಾವೀರರ ಜನ್ಮಕಲ್ಯಾಣಕ ಮಹೋತ್ಸವ ನಡೆಯಿತು. ಅದಾಗಿ ಹನ್ನೆರಡೇ ದಿನಕ್ಕೆ, ಏಪ್ರಿಲ್ 22ರಂದು, ಕಾಶ್ಮೀರದ ಪಹಲ್ಗಾಮ್ ಸಮೀಪದ ಬೈಸರನ್ ಹುಲ್ಲುಗಾವಲಿನಲ್ಲಿ ಬಂದೂಕುಧಾರಿಗಳು ಪ್ರವಾಸಿಗರ ಧರ್ಮ ಯಾವುದೆಂದು ಕೇಳಿ ಗುಂಡಿಕ್ಕಿದರು. 26 ಮಂದಿ ಸತ್ತರು. ಶವಪೆಟ್ಟಿಗೆಗಳು ಶಿವಮೊಗ್ಗಕ್ಕೂ ಬಂದವು, ಬೆಂಗಳೂರಿಗೂ ಬಂದವು. ಸತ್ತವರಲ್ಲಿ ಒಬ್ಬನು ಪ್ರವಾಸಿಗರಿಗೆ ಕುದುರೆ ಸವಾರಿ ಮಾಡಿಸಿ ಜೀವನ ನಡೆಸುತ್ತಿದ್ದ ಸ್ಥಳೀಯ ಮುಸ್ಲಿಂ. ಹಂತಕರನ್ನು ತಡೆಯಲು ಹೋಗಿ ಪ್ರಾಣ ಕೊಟ್ಟವನು. ಹದಿನೈದು ದಿನಗಳ ನಂತರ, ಮೇ 7ರ ನಸುಕಿನಲ್ಲಿ, ಭಾರತೀಯ ಸೇನೆ ‘ಆಪರೇಷನ್ ಸಿಂಧೂರ’ ಎಂಬ ಹೆಸರಿನಲ್ಲಿ ಪಾಕಿಸ್ತಾನ ಮತ್ತು ಪಾಕ್ ಆಕ್ರಮಿತ ಕಾಶ್ಮೀರದ ಒಂಬತ್ತು ಭಯೋತ್ಪಾದಕ ನೆಲೆಗಳ ಮೇಲೆ ದಾಳಿ ನಡೆಸಿತು.

ಸಾಲಿಗ್ರಾಮದ ಅನಂತನಾಥ ಬಸದಿಯಲ್ಲಿ ಬೆಳಗಿನ ದರ್ಶನ ಮುಗಿಸಿ ಅಂಗಡಿಯ ಬಾಗಿಲು ತೆರೆಯುವ ಶ್ರಾವಕನಿಗೆ ಅಂದು ಎದುರಾದ ಪ್ರಶ್ನೆ ಇನ್ನೂ ತೀರಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವನು, ಹುಳಹುಪ್ಪಟೆ ಸಾಯದಿರಲೆಂದು ಸೂರ್ಯಾಸ್ತದೊಳಗೆ ಉಣ್ಣುವವನು ತನ್ನ ದೇಶವು ಕ್ಷಿಪಣಿ ಹಾರಿಸಿದಾಗ ಏನೆನ್ನಬೇಕು? ಅವನು ಕಟ್ಟಿದ ತೆರಿಗೆಯ ಹಣವೂ ಅದರಲ್ಲಿ ಸೇರಿದೆ. ಸುಲಭವಾದ ಉತ್ತರಗಳು ಎರಡಿವೆ. ಅಹಿಂಸಾಧರ್ಮದವರಿಗೆ ಯುದ್ಧದ ಮಾತೇ ಸಲ್ಲದು ಎಂಬುದು ಒಂದು. ದುಷ್ಟರ ಸಂಹಾರ ಪುಣ್ಯಕಾರ್ಯ, ಸಂಭ್ರಮಿಸಬೇಕಾದದ್ದು ಎಂಬುದು ಇನ್ನೊಂದು. ಮೊದಲನೆಯದು ಗೃಹಸ್ಥನ ಬಾಯಲ್ಲಿ ಮುನಿಯ ಮಾತು. ಎರಡನೆಯದಕ್ಕೆ ಜಿನವಾಣಿಯಲ್ಲಿ ಎಲ್ಲಿಯೂ ಆಧಾರವಿಲ್ಲ.

ಶ್ರಾವಕಾಚಾರದ ಪರಂಪರೆ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ ತಿಳಿಸುತ್ತದೆ. ಒಲೆ ಹಚ್ಚುವಾಗ, ಕಸ ಗುಡಿಸುವಾಗ, ಧಾನ್ಯ ಕುಟ್ಟುವಾಗ ಆಗುವುದು ಆರಂಭಿ ಹಿಂಸೆ. ಕಾವೇರಿಯ ನಾಲೆಯಿಂದ ನೀರು ಹಾಯಿಸಿ ಭತ್ತದ ಗದ್ದೆ ಉಳುವಾಗ, ಅಕ್ಕಿ ಗಿರಣಿ ನಡೆಸುವಾಗ ಆಗುವುದು ಉದ್ಯೋಗಿ ಹಿಂಸೆ. ಮನೆ, ಊರು, ದೇಶ, ಧರ್ಮಾಯತನಗಳ ಮೇಲೆ ಎರಗಿದವನನ್ನು ತಡೆಯುವಾಗ ಆಗುವುದು ವಿರೋಧಿ ಹಿಂಸೆ. ಕೊಲ್ಲಬೇಕೆಂದೇ ಸಂಕಲ್ಪಿಸಿ ನಿರಪರಾಧಿ ಜೀವವನ್ನು ಕೊಲ್ಲುವುದು ಸಂಕಲ್ಪಿ ಹಿಂಸೆ. ಮಹಾವ್ರತಿಯಾದ ಮುನಿಗೆ ನಾಲ್ಕೂ ವರ್ಜ್ಯ. ಅಣುವ್ರತಿಯಾದ ಗೃಹಸ್ಥನು ಪೂರ್ತಿಯಾಗಿ ತ್ಯಜಿಸಲೇಬೇಕಾದದ್ದು ಸಂಕಲ್ಪಿ ಹಿಂಸೆಯನ್ನು. ಉಳಿದ ಮೂರನ್ನು ಅವನು ಎಚ್ಚರದಿಂದ, ಸಾಧ್ಯವಾದಷ್ಟು ಕುಗ್ಗಿಸುತ್ತ ಬರಬೇಕು. ಬೈಸರನ್‌ನಲ್ಲಿ ನಡೆದದ್ದು ಸಂಕಲ್ಪಿ ಹಿಂಸೆ ಎಂಬುದರಲ್ಲಿ ಯಾವ ಸಂಶಯವೂ ಇಲ್ಲ. ಅಂಥದನ್ನು ತಡೆಯಲು ದೇಶವೊಂದು ಶಸ್ತ್ರವೆತ್ತಿದರೆ ಅದು ವಿರೋಧಿ ಹಿಂಸೆಯ ವರ್ಗಕ್ಕೆ ಸೇರುತ್ತದೆ. ಸೈನಿಕನಾದ ಶ್ರಾವಕನ ಅಣುವ್ರತ ಅದರಿಂದ ಮುರಿಯದು.

ಆದರೆ ವ್ರತಭಂಗವಾಗಲಿಲ್ಲ ಎಂದಮಾತ್ರಕ್ಕೆ ಪಾಪಬಂಧವೂ ಆಗಲಿಲ್ಲ ಎಂದು ತಿಳಿಯುವವರು ಬಹಳ. ಗದ್ದೆ ಉಳುವ ರೈತನ ನೇಗಿಲಿಗೆ ಸಿಕ್ಕು ಎಷ್ಟೋ ಹುಳುಗಳು ಸಾಯುತ್ತವೆ. ಅವನು ಉಳುಮೆಯನ್ನು ಬಿಡಲಾರ, ಬಿಟ್ಟರೆ ಊರಿಗೆ ಅನ್ನವಿಲ್ಲ. ಹಾಗೆಂದು ಸತ್ತ ಹುಳುಗಳ ಲೆಕ್ಕ ಹೇಳಿ ಅವನು ಹಬ್ಬ ಮಾಡುವುದಿಲ್ಲ. ವಿರೋಧಿ ಹಿಂಸೆಯೂ ಇದೇ ಸಾಲಿನದು. ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲಕ್ಕೆ ಬರುವ ಆನೆಗೆ ಕಂದಕ, ರೈಲು ಕಂಬಿಯ ಬೇಲಿ. ಮನುಷ್ಯನನ್ನು ಕೊಂದ ಹುಲಿಗೆ ಮೊದಲು ಬೋನು, ಅರಿವಳಿಕೆ ಮದ್ದು. ಎಲ್ಲವೂ ಸೋತಾಗ ಮಾತ್ರ ಗುಂಡು. ಹುಲಿಗಾದರೆ ಕೊಲ್ಲುವ ಸಂಕಲ್ಪವಿರುವುದಿಲ್ಲ, ಭಯೋತ್ಪಾದಕನಿಗೆ ಇರುತ್ತದೆ. ಈ ವ್ಯತ್ಯಾಸದಿಂದ ತಡೆಯುವವನ ಹೊಣೆ ಕಡಿಮೆಯಾಗುವುದಿಲ್ಲ.

ಶಸ್ತ್ರದ ಮಾತನ್ನು ಜೈನಾಚಾರ್ಯರು ಮುಜುಗರವಿಲ್ಲದೆ ಆಡಿದ್ದಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 959ರಲ್ಲಿ, ಸೋಮದೇವಸೂರಿಗಳು ‘ಯಶಸ್ತಿಲಕ’ವನ್ನು ಮುಗಿಸಿದರು. ಅರಸನ ಆಯುಧ ಯಾರ ಮೇಲೆ ಬೀಳಬಹುದು ಎಂಬುದಕ್ಕೆ ಅವರ ಉತ್ತರ ಖಚಿತವಾಗಿದೆ. ರಣರಂಗಕ್ಕೆ ಆಯುಧ ಹಿಡಿದು ಬಂದ ಶತ್ರುವಿನ ಮೇಲೆ, ಅಥವಾ ತನ್ನ ನಾಡಿಗೆ ಮುಳ್ಳಾಗಿ ನಾಟಿದವನ ಮೇಲೆ ಮಾತ್ರ. ದೀನರ, ದುರ್ಬಲರ, ಸದ್ಭಾವದವರ ಮೇಲೆ ಎಂದಿಗೂ ಇಲ್ಲ. ನಾಡಿನ ಮುಳ್ಳು ಎಂಬ ಮಾತು ಇಂದಿನ ಭಯೋತ್ಪಾದಕ ಗುಂಪಿಗೆ ಎಷ್ಟು ಒಪ್ಪುತ್ತದೆಂದರೆ ಹೊಸ ವ್ಯಾಖ್ಯಾನವೇ ಬೇಡ. ಮುಳ್ಳು ಕೀಳುವವನು ಮುಳ್ಳನ್ನು ಕೀಳುತ್ತಾನೆ, ಕಾಲನ್ನು ಕತ್ತರಿಸುವುದಿಲ್ಲ. ಇದೇ ಸೂರಿಗಳು ‘ನೀತಿವಾಕ್ಯಾಮೃತ’ದಲ್ಲಿ ಸಾಮದಿಂದ ಆಗುವ ಕೆಲಸಕ್ಕೆ ಯುದ್ಧಕ್ಕಿಳಿಯುವ ಅರಸನನ್ನು ಅವಿವೇಕಿಗಳ ಸಾಲಿಗೆ ಸೇರಿಸಿದ್ದಾರೆ.

ಇವು ಕೇವಲ ಗ್ರಂಥದ ಮಾತುಗಳಾಗಿರಲಿಲ್ಲ. ಸಾಲಿಗ್ರಾಮಕ್ಕೆ ಸಮೀಪದ ಚಿಕ್ಕಹನಸೋಗೆ ಒಂದು ಕಾಲಕ್ಕೆ ಪನಸೋಗೆ ಎಂದು ಹೆಸರಾದ ಜೈನತೀರ್ಥ. ದೇಶೀಗಣ ಪುಸ್ತಕಗಚ್ಛದ ಮುನಿಗಳ ಒಂದು ಶಾಖೆಗೆ ಈ ಊರಿನದೇ ಹೆಸರು. ಅಲ್ಲಿಯೇ ಕ್ರಿ.ಶ. 1004ರ ಸುಮಾರಿಗೆ ಚೋಳ ರಾಜರಾಜನ ಸೇನೆಗೂ ಚಂಗಾಳ್ವರಿಗೂ ಯುದ್ಧವಾಯಿತು, ಚಂಗಾಳ್ವರು ಸೋತರು. ಅದೇ ಶತಮಾನದಲ್ಲಿ ಅದೇ ವಂಶದ ನನ್ನಿ ಚಂಗಾಳ್ವನು ಪನಸೋಗೆಯ ಬಸದಿಯನ್ನು ಜೀರ್ಣೋದ್ಧಾರ ಮಾಡಿದನು. ಕಾವೇರಿಯ ಕೆಳದಂಡೆಯಲ್ಲಿ, 1116ರ ಹೊತ್ತಿಗೆ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರಿಂದ ತಲಕಾಡನ್ನು ಗೆದ್ದನು. ಪರಮ ಜಿನಭಕ್ತನಾದ ಅವನು ಏಳು ನರಕಗಳೆಂದು ಎಣಿಸಿದ್ದ ದುರ್ಗುಣಗಳನ್ನು ಶಾಸನವೊಂದು ಪಟ್ಟಿ ಮಾಡಿದೆ. ರಣದಲ್ಲಿ ಹೆದರುವುದು ಅವುಗಳಲ್ಲಿ ಒಂದು, ಶರಣು ಬಂದವರನ್ನು ಒಪ್ಪಿಸಿಬಿಡುವುದು ಇನ್ನೊಂದು. ಗೆದ್ದ ಮೇಲೆ ಅರಸನು ಏನು ಬೇಕೆಂದಾಗ ಅವನು ಊರನ್ನು ಕೇಳಿ ಪಡೆದು ಬೆಳಗೊಳದ ಪೂಜೆಗೆ ದತ್ತಿ ಬಿಟ್ಟನು. ಯುದ್ಧ ಮಾಡಿದ ಕೈ ಆಮೇಲೆ ಯಾವುದರ ಕಡೆಗೆ ಚಾಚಿತು ಎಂಬುದನ್ನು ಈ ಶಾಸನಗಳು ಮರೆಯದೆ ಬರೆದಿಡುತ್ತವೆ.

ಪ್ರಶ್ನೆ ಬಿಗಿಯಾಗುವುದು ಇಲ್ಲಿಂದ ಮುಂದೆ. ವಿರೋಧಿ ಹಿಂಸೆ ಎಂದರೆ ಎರಗಿದವನನ್ನು ಎರಗಿದ ಗಳಿಗೆಯಲ್ಲಿ ತಡೆಯುವುದು. ಕೊಲೆಗಾರರು ಕಾಡು ಸೇರಿದ ಮೇಲೆ ಹದಿನೈದು ದಿನ ಯೋಚಿಸಿ, ನಕ್ಷೆ ಹಾಕಿ, ಗಡಿಯಾಚೆಯ ನೆಲೆಗೆ ಹೊಡೆದರೆ ಅದನ್ನು ತಡೆ ಎನ್ನಬೇಕೋ ಸೇಡು ಎನ್ನಬೇಕೋ? ಯೋಚಿಸಿ ಮಾಡಿದ್ದು ಎಂಬುದರಿಂದಲೇ ಅದು ಸಂಕಲ್ಪಿ ಹಿಂಸೆಯಾಗುವುದಿಲ್ಲವೇ? ಪ್ರಾಮಾಣಿಕವಾಗಿ ಕೇಳಿದ ಯಾವ ಶ್ರಾವಕನೂ ಈ ಪ್ರಶ್ನೆಯನ್ನು ದಾಟಿ ಹೋಗಲಾರ.

ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದಲ್ಲಿ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಕಷಾಯದಿಂದ ಕದಡಿದ ಎಚ್ಚರಗೇಡಿತನದಲ್ಲಿ, ತೋರಿಸಿದ್ದಾರೆ. ಪ್ರಾಣ ಹೋದದ್ದು ಹೊರಗಿನ ಘಟನೆ; ಬಂಧ ಆಗುವುದು ಒಳಗಿನ ಕಷಾಯಕ್ಕೆ ತಕ್ಕಂತೆ. ಹಾಗಾದರೆ ಕ್ರೋಧವನ್ನು ಅಳೆಯುವುದು ಹೇಗೆ? ಇದಕ್ಕೆ ಅತ್ಯಂತ ಸ್ಪಷ್ಟವಾದ ಅಳತೆ ದೊರೆಯುವುದು ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ. ಈ ಗ್ರಂಥ ಯಾರಿಗಾಗಿ ಹುಟ್ಟಿತು ಎಂಬುದನ್ನು ಮೊದಲು ನೆನೆಯಬೇಕು. ಗಂಗರ ಮಂತ್ರಿಯೂ ಸೇನಾಪತಿಯೂ ಆದ ಚಾವುಂಡರಾಯನಿಗಾಗಿ. ಗೊಮ್ಮಟನೆಂಬುದು ಅವನದೇ ಹೆಸರು. ಸಮರಧುರಂಧರ, ರಣರಂಗಸಿಂಗ ಮೊದಲಾದ ಅವನ ಬಿರುದುಗಳೆಲ್ಲ ಯುದ್ಧಗಳಲ್ಲಿ ಗಳಿಸಿದವು. ಅಂಥವನ ಕೈಗೆ ಗುರುಗಳು ಇಟ್ಟದ್ದು ಕರ್ಮಸಿದ್ಧಾಂತದ ಗಣಿತವನ್ನು.

ಆ ಗ್ರಂಥದಂತೆ ಕ್ರೋಧ ನಾಲ್ಕು ಬಗೆ. ಬಂಡೆಯ ಮೇಲೆ ಕೊರೆದ ಗೆರೆಯಂಥದು, ನೆಲದ ಬಿರುಕಿನಂಥದು, ಧೂಳಿನಲ್ಲಿ ಎಳೆದ ಗೆರೆಯಂಥದು, ನೀರಿನ ಮೇಲಿನ ಗೆರೆಯಂಥದು. ಕಷಾಯದ ವಾಸನೆ ಮನಸ್ಸಿನಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದಕ್ಕೂ ಅಲ್ಲಿ ಲೆಕ್ಕವಿದೆ. ಸಂಜ್ವಲನ ಕಷಾಯಕ್ಕೆ ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗೆ. ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅನಂತಾನುಬಂಧಿಗೆ ಭವಭವಾಂತರ. ಈ ಹೆಸರುಗಳು ಕಠಿಣವಾಗಿ ಕೇಳಿಸಿದರೂ ಅರ್ಥ ನೇರವಾಗಿದೆ. ಪಕ್ಷದೊಳಗೆ ಆರುವ ಕ್ರೋಧ ಮಹಾವ್ರತಕ್ಕೆ ಅಡ್ಡಿ, ಆದರೆ ಗೃಹಸ್ಥನ ಅಣುವ್ರತ ಅದರೊಂದಿಗೆ ಉಳಿಯಬಲ್ಲದು. ಆರು ತಿಂಗಳವರೆಗೆ ಎಳೆಯುವ ಕ್ರೋಧದ ಎದುರು ಅಣುವ್ರತವೂ ನಿಲ್ಲದು. ಅದನ್ನೂ ದಾಟಿದರೆ ಸಮ್ಯಕ್ತ್ವವೇ ಹೋಗುತ್ತದೆ.

ಏಪ್ರಿಲ್ 22ರಿಂದ ಮೇ 7ಕ್ಕೆ ಸರಿಯಾಗಿ ಒಂದು ಪಕ್ಷ. ಇದು ಕಾಕತಾಳೀಯ, ಸೇನೆಯ ದಿನಗಣನೆಗೂ ಗೊಮ್ಮಟಸಾರಕ್ಕೂ ಸಂಬಂಧ ಕಲ್ಪಿಸುವುದು ಹಾಸ್ಯಾಸ್ಪದವಾದೀತು. ಆದರೂ ಅಳತೆ ಉಪಯೋಗಕ್ಕೆ ಬರುತ್ತದೆ. ಹದಿನೈದು ದಿನಗಳ ಅವಧಿಯನ್ನು ಎರಡು ರೀತಿಯಲ್ಲಿ ಬಳಸಬಹುದು: ಕ್ರೋಧವನ್ನು ಕಾಯಿಸಲು, ಅಥವಾ ಆರಿಸಿ ಗುರಿಯನ್ನು ನಿಖರಗೊಳಿಸಲು. ಸೇನಾ ನೆಲೆಗಳನ್ನು ಬಿಟ್ಟು ಭಯೋತ್ಪಾದಕ ತಾಣಗಳಿಗೆ ಮಾತ್ರ ಹೊಡೆದಿದ್ದೇವೆ, ಘರ್ಷಣೆಯನ್ನು ಹೆಚ್ಚಿಸುವ ಉದ್ದೇಶವಿಲ್ಲ ಎಂದು ಸರಕಾರ ಮೇ 7ರ ಬೆಳಿಗ್ಗೆಯೇ ಹೇಳಿತು. ಆ ಮಾತಿನ ಮಟ್ಟಿಗೆ ಅದು ಸೋಮದೇವಸೂರಿಗಳ ಮಿತಿಯೊಳಗೆ ನಿಲ್ಲುವ ಪ್ರಯತ್ನ. ಯೋಚಿಸಿ ಮಾಡಿದ ಕಾರ್ಯವೆಲ್ಲ ಸಂಕಲ್ಪಿ ಹಿಂಸೆಯಲ್ಲ. ಯೋಚನೆಯ ಗುರಿ ನಿರಪರಾಧಿಯ ಪ್ರಾಣವಾಗಿದ್ದರೆ ಮಾತ್ರ ಅದು ಸಂಕಲ್ಪಿ. ಮುಂದಿನ ಕೊಲೆಯನ್ನು ತಡೆಯಲು ಕೊಲೆಯ ತರಬೇತಿ ನಡೆಯುವ ಜಾಗವನ್ನು ಕೆಡವುವುದು ವಿರೋಧಿ ಹಿಂಸೆಯ ಅರ್ಥವನ್ನು ತುಸು ಹಿಗ್ಗಿಸುತ್ತದೆ, ಮುರಿಯುವುದಿಲ್ಲ.

ಮುರಿಯುವ ಅಪಾಯ ಅದರ ನಂತರದ್ದು. ಮೇ 7ರಿಂದ ಗಡಿಯಾಚೆಯಿಂದ ಷೆಲ್ಲುಗಳು ಬಿದ್ದು ಪೂಂಛ್‌ನಲ್ಲಿ ಮಕ್ಕಳೂ ಸೇರಿ ಹಲವು ನಾಗರಿಕರು ಸತ್ತರು. ಆಚೆಗೂ ನಾಗರಿಕರು ಸತ್ತರೆಂದು ಆಚೆಯವರು ಹೇಳಿದರು. ಡ್ರೋನು, ಕ್ಷಿಪಣಿಗಳು ಹಾರಾಡಿ ಎರಡು ಅಣ್ವಸ್ತ್ರ ದೇಶಗಳು ಅಂಚಿಗೆ ಬಂದು ನಿಂತಾಗ ಮೇ 10ರಂದು ಕದನ ನಿಂತಿತು. ಆ ದಿನ ನಿಂತದ್ದು ದುರ್ಬಲತೆ ಎಂದು ಹಳಹಳಿಸಿದವರು ಕಡಿಮೆಯಿರಲಿಲ್ಲ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ನಿಂತ ಬಾಹುಬಲಿಯ ಕಥೆ ಅಂಥವರಿಗೆ ತಿಳಿಯದ್ದೇನಲ್ಲ. ಭರತ ಬಾಹುಬಲಿಯರ ಸೇನೆಗಳು ಎದುರುಬದುರು ನಿಂತಾಗ ನಿರಪರಾಧಿ ಸೈನಿಕರು ಸಾಯುವುದೇಕೆ ಎಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣತಮ್ಮಂದಿರೇ ತೀರ್ಮಾನಿಸಿಕೊಂಡರು. ಭಯೋತ್ಪಾದಕರು ದೃಷ್ಟಿಯುದ್ಧಕ್ಕೆ ಒಪ್ಪುವವರಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಆ ಮಂತ್ರಿಗಳ ಪ್ರಶ್ನೆ, ಸಾಯಬೇಕಾಗಿಲ್ಲದವರು ಎಷ್ಟು ಮಂದಿ ಸಾಯುತ್ತಾರೆ ಎಂಬುದು, ಪ್ರತಿಯೊಂದು ದಾಳಿಗೂ ಮೊದಲು ಕೇಳಬೇಕಾದದ್ದು. ಬೈಸರನ್‌ನಲ್ಲಿ ಗುಂಡು ಹಾರಿಸಿದ ಮೂವರು ಶ್ರೀನಗರ ಸಮೀಪದ ದಾಚಿಗಾಮ್ ಕಾಡಿನಲ್ಲಿ ಭದ್ರತಾ ಪಡೆಗಳಿಗೆ ಸಿಕ್ಕಿ ಹತರಾದದ್ದು ಜುಲೈ 28ರಂದು. ತಿಂಗಳುಗಟ್ಟಲೆ ತಾಳ್ಮೆಯಿಂದ ಜಾಡು ಹಿಡಿದು, ಆಯುಧಧಾರಿಗಳನ್ನೇ ಮುಖಾಮುಖಿಯಾದ ಆ ಕಾರ್ಯಾಚರಣೆಗೆ ಮೇ ತಿಂಗಳಷ್ಟು ಜಯಘೋಷ ಸಿಗಲಿಲ್ಲ. ಜಿನಧರ್ಮದ ತಕ್ಕಡಿಯಲ್ಲಾದರೆ ಅದೇ ಹೆಚ್ಚು ನಿರ್ದೋಷಕ್ಕೆ ಹತ್ತಿರವಾದದ್ದು. ಇಷ್ಟೆಲ್ಲದರ ಮೇಲೂ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಕಾರು ಸ್ಫೋಟಿಸಿ ಮತ್ತೆ ಜನ ಸತ್ತರು. ಶಸ್ತ್ರ ಒಂದು ನೆಲೆಯನ್ನು ಕೆಡವಬಲ್ಲದು; ನೆಲೆ ಹುಟ್ಟುವ ಮನಸ್ಸಿನವರೆಗೆ ಅದು ಮುಟ್ಟಲಾರದು.

ಸೈನಿಕ, ಮಂತ್ರಿಗಳ ಮಾತು ಇಷ್ಟಾಯಿತು. ಸಾಲಿಗ್ರಾಮದ ಶ್ರಾವಕನಿಗೆ ಹೆಚ್ಚು ಸಂಬಂಧಿಸಿದ್ದು ಬೇರೆಯೇ ಇದೆ. ಹಿಂಸೆ ಕೃತ, ಕಾರಿತ, ಅನುಮೋದಿತ ಎಂದು ಮೂರು ದಾರಿಯಲ್ಲಿ ಆಗುತ್ತದೆ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಮೇ ತಿಂಗಳ ಆ ನಾಲ್ಕು ದಿನ ಟಿ.ವಿ. ಪರದೆಯ ಮುಂದೆ, ಮೊಬೈಲಿನ ಗುಂಪುಗಳಲ್ಲಿ ನಡೆದದ್ದು ಏನು? ಇನ್ನೂ ಹೊಡೆಯಬೇಕಿತ್ತು, ಊರನ್ನೇ ಸುಡಬೇಕಿತ್ತು ಎಂಬ ಮಾತುಗಳು ಸಾಮಾಯಿಕಕ್ಕೆ ಕೂರುವವರ ಮೊಬೈಲಿನಿಂದಲೂ ಹೊರಟವು. ತತ್ತ್ವಾರ್ಥಸೂತ್ರ ಹೇಳುವ ರೌದ್ರಧ್ಯಾನಗಳಲ್ಲಿ ಮೊದಲನೆಯದು ಹಿಂಸಾನಂದ. ಅದು ವ್ರತವಿಲ್ಲದವರಿಗೆ ಮಾತ್ರವಲ್ಲ, ಅಣುವ್ರತಿಗೂ ಬರಬಲ್ಲದು ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯ ಬಾಯಿ ತೆರೆದು ಮಲಗಿರುವಾಗ ಅದರ ಬಾಯೊಳಗೆ ಸಣ್ಣ ಮೀನುಗಳು ಹೋಗಿ ಬರುತ್ತಿರುತ್ತವೆ. ಅದರ ಕಿವಿಯಲ್ಲಿ ವಾಸಿಸುವ, ಅಕ್ಕಿಕಾಳಿನಷ್ಟೇ ಇರುವ ತಂದುಲಮತ್ಸ್ಯ ಅದನ್ನು ನೋಡಿ, ತನಗೆ ಇಷ್ಟು ದೊಡ್ಡ ಬಾಯಿದ್ದರೆ ಒಂದನ್ನೂ ಬಿಡದೆ ನುಂಗುತ್ತಿದ್ದೆನಲ್ಲ ಎಂದು ಹಲುಬುತ್ತದೆ. ಒಂದು ಮೀನನ್ನೂ ನುಂಗದೆ, ಬರಿಯ ಆ ಭಾವದಿಂದ, ಅದು ಏಳನೆಯ ನರಕಕ್ಕೆ ಇಳಿಯುತ್ತದೆ. ಗಡಿಯಲ್ಲಿ ಆಜ್ಞೆಗೆ ಬದ್ಧನಾಗಿ ಗುಂಡಿ ಒತ್ತಿದ ಸೈನಿಕನಿಗಿಂತ ಮನೆಯಲ್ಲಿ ಕುಳಿತು ಆನಂದಿಸಿದವನ ಬಂಧ ದೃಢವಾಗಿರಬಹುದು ಎಂಬ ಮಾತು ಕಹಿಯಾದರೂ ಸಿದ್ಧಾಂತಕ್ಕೆ ಸರಿಯಾದದ್ದು. ಆ ಆನಂದದ ಜೊತೆಗೆ ಒಂದು ಇಡೀ ಮತದವರ ಮೇಲೆ ದ್ವೇಷ ಬೆಳೆದಿದ್ದರಂತೂ ಅದು ಬಂಡೆಯ ಮೇಲಿನ ಗೆರೆಯೇ. ಬೈಸರನ್‌ನಲ್ಲಿ ಸತ್ತ ಆ ಕುದುರೆಯವನನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ!

ಹಾಗಾದರೆ ಯುದ್ಧಕ್ಕೆ ಹೋಗಲೇಬೇಕಾದ ಶ್ರಾವಕ ಹೇಗೆ ಹೋಗಬೇಕು? ಶ್ವೇತಾಂಬರ ಆಗಮಗಳಲ್ಲಿ ಒಂದಾದ ‘ಭಗವತೀ ಸೂತ್ರ’ದಲ್ಲಿ ಒಂದು ವೃತ್ತಾಂತವಿದೆ. ದಿಗಂಬರ ಪರಂಪರೆ ಆ ಗ್ರಂಥವನ್ನು ಪ್ರಮಾಣವೆಂದು ಒಪ್ಪದಿದ್ದರೂ ವೃತ್ತಾಂತದ ತತ್ತ್ವಕ್ಕೆ ಯಾರ ತಕರಾರೂ ಇರಲಾರದು. ವೈಶಾಲಿಯ ಗಣರಾಜ್ಯದ ಚೇಟಕನಲ್ಲಿ ಅವನ ಮೊಮ್ಮಕ್ಕಳು ಆಶ್ರಯ ಪಡೆದಿದ್ದರು. ಅವರನ್ನು ಒಪ್ಪಿಸೆಂದು ಮಗಧದ ಕೂಣಿಕನು ದಂಡೆತ್ತಿ ಬಂದನು, ಚೇಟಕನು ಒಪ್ಪಿಸಲಿಲ್ಲ. ರಥಮುಸಲವೆಂಬ ಆ ಸಂಗ್ರಾಮದಲ್ಲಿ 96 ಲಕ್ಷ ಜನ ಸತ್ತರೆಂದು ಆಗಮ ಹೇಳುತ್ತದೆ. ರಣದಲ್ಲಿ ಸತ್ತವರು ಸ್ವರ್ಗಕ್ಕೆ ಹೋಗುತ್ತಾರೆಂದು ಜನ ಆಡಿಕೊಳ್ಳುವುದನ್ನು ಕೇಳಿ ಗೌತಮ ಗಣಧರರು ಅದು ನಿಜವೇ ಎಂದು ಭಗವಾನ್ ಮಹಾವೀರರಲ್ಲಿ ವಿಚಾರಿಸಿದರು. ಅದು ಸುಳ್ಳೆಂದು ಭಗವಾನರು ತಿಳಿಸಿದರು. ಸತ್ತವರಲ್ಲಿ ಬಹುಪಾಲು ಜೀವಗಳು ನರಕ, ತಿರ್ಯಗ್ಗತಿಗಳಿಗೆ ಹೋದವು. ದೇವನಾದವನು ಒಬ್ಬನೇ.

ಅವನು ವೈಶಾಲಿಯ ವರುಣನೆಂಬ ಶ್ರಾವಕ. ಎರಡು ದಿನಗಳ ಉಪವಾಸದಲ್ಲಿದ್ದಾಗ ರಾಜಾಜ್ಞೆ ಬಂದಿತು. ಉಪವಾಸವನ್ನು ಮೂರನೆಯ ದಿನಕ್ಕೆ ಮುಂದುವರಿಸಿಕೊಂಡೇ ರಥವನ್ನೇರಿದನು. ತನ್ನನ್ನು ಮೊದಲು ಹೊಡೆದವನನ್ನು ಮಾತ್ರ ಹೊಡೆಯುವೆನೆಂದು ನಿಯಮ ತೊಟ್ಟನು. ಎದುರಾಳಿ ಬಂದು ಹೊಡೆಯೆಂದು ಕೆಣಕಿದರೂ ಬಿಲ್ಲೆತ್ತಲಿಲ್ಲ. ಎದುರಾಳಿಯ ಬಾಣ ಆಳವಾಗಿ ನಾಟಿತು. ಆಗ ವರುಣನಿಗೂ ಕೋಪ ಉಕ್ಕಿತು ಎಂಬುದನ್ನು ಆಗಮ ಮುಚ್ಚಿಡುವುದಿಲ್ಲ. ಒಂದೇ ಹೊಡೆತಕ್ಕೆ ಅವನನ್ನು ಕೊಂದನು. ಆ ಕೋಪ ಅಂತರ್ಮುಹೂರ್ತವನ್ನೂ ದಾಟಲಿಲ್ಲ. ರಥವನ್ನು ತಿರುಗಿಸಿ ಏಕಾಂತ ಸ್ಥಳಕ್ಕೆ ಬಂದು, ಮೊದಲು ಕುದುರೆಗಳನ್ನು ಬಿಚ್ಚಿ ಬಿಟ್ಟನು. ದರ್ಭೆ ಹಾಸಿ ಪೂರ್ವಾಭಿಮುಖವಾಗಿ ಕುಳಿತು ಅರಹಂತರಿಗೆ ನಮಿಸಿ, ಎಲ್ಲ ಹಿಂಸೆಯನ್ನೂ ಜೀವವಿರುವತನಕ ತ್ಯಜಿಸಿ, ಮೈಯಿಂದ ಬಾಣವನ್ನು ಕಿತ್ತು, ಆಲೋಚನೆ ಪ್ರತಿಕ್ರಮಣಗಳನ್ನು ಮಾಡಿ ಪ್ರಾಣಬಿಟ್ಟನು.

ಅದೇ ರಣದಲ್ಲಿ ಅವನ ಬಾಲ್ಯದ ಗೆಳೆಯನೊಬ್ಬನೂ ಕಾದುತ್ತಿದ್ದನು. ಅವನೂ ಗಾಯಗೊಂಡು ಬಳಲಿದ್ದನು. ವರುಣನು ರಣದಿಂದ ಹೊರಟದ್ದನ್ನು ಕಂಡು ತಾನೂ ಕುದುರೆಗಳನ್ನು ಬಿಚ್ಚಿ, ಹುಲ್ಲು ಹಾಸಿ ಕುಳಿತನು. ವ್ರತಗಳ ಹೆಸರು, ಪಾಠಗಳು ಅವನಿಗೆ ತಿಳಿದಿರಲಿಲ್ಲ. ಗೆಳೆಯನಿಗೆ ಯಾವ ಯಾವ ವ್ರತಗಳಿವೆಯೋ ಅವೆಲ್ಲ ತನಗೂ ಇರಲಿ ಎಂದುಕೊಂಡು, ಮೈಗೆ ನಾಟಿದ್ದ ಬಾಣವನ್ನು ಕಿತ್ತು ಹಾಕಿದನು. 96 ಲಕ್ಷದಲ್ಲಿ ಮತ್ತೆ ಮನುಷ್ಯನಾಗಿ, ಒಳ್ಳೆಯ ಕುಲದಲ್ಲಿ ಹುಟ್ಟಿದವನು ಅವನೊಬ್ಬನೇ ಎಂದು ಭಗವಾನರು ಗೌತಮರಿಗೆ ಹೇಳಿದರು.